ಹಮಾಸ್ ಜೊತೆ ಮಾತೇ ಬೇಡ ಅಂದವರು ಕೊನೆಗೆ ಮಾತಾಡಿದರು. 2006ರಲ್ಲೇ ಆಡಿದ್ದರೆ?

ಶಿರಸಿ ಓದುಗ
ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ. ತಿಳಿದವರು ಹೇಳಿ.

2025ರ ಅಕ್ಟೋಬರ್‌ನಲ್ಲಿ ಶರ್ಮ್ ಎಲ್-ಶೇಖ್‌ನಲ್ಲಿ ಟ್ರಂಪ್ ಕಳಿಸಿದ ಅಮೆರಿಕದ ಸ್ಟೀವ್ ವಿಟ್ಕಾಫ್ ಮತ್ತು ಜ್ಯಾರೆಡ್ ಕುಶ್ನರ್ ಹಮಾಸ್‌ನ ಮುಖ್ಯ ಸಂಧಾನಕಾರ ಖಲೀಲ್ ಅಲ್-ಹಯ್ಯಾ ಜೊತೆ ನೇರವಾಗಿ ಕೂತು ಮಾತಾಡಿದರು. ಅದಕ್ಕೂ ಒಂದು ತಿಂಗಳ ಹಿಂದೆ ಕತಾರ್ ರಾಜಧಾನಿ ದೋಹಾದಲ್ಲಿ ಹಯ್ಯಾ ಮತ್ತು ಉಳಿದ ನಾಯಕರನ್ನು ಗುರಿ ಮಾಡಿ ಇಸ್ರೇಲ್ ಬಾಂಬ್ ಹಾಕಿತ್ತು. ಹಯ್ಯಾ ಉಳಿದರು, ಮಗ ಸತ್ತ. ವಿಟ್ಕಾಫ್ ಕೂಡ ಮಗನನ್ನು ಕಳೆದುಕೊಂಡವರು. ಆ ನೋವಿನ ಬಗ್ಗೆ ಇಬ್ಬರೂ ಮಾತಾಡಿದೆವು ಎಂದು ವಿಟ್ಕಾಫ್ ಆಮೇಲೆ ಟಿವಿ ಸಂದರ್ಶನದಲ್ಲಿ ಹೇಳಿದರು. ಅಮೆರಿಕ ಹಮಾಸನ್ನು ಭಯೋತ್ಪಾದಕ ಪಟ್ಟಿಗೆ ಸೇರಿಸಿದ್ದು 1997ರಲ್ಲಿ. ಪಟ್ಟಿ ಇನ್ನೂ ಹಾಗೇ ಇದೆ.

ಈಗ 2006ಕ್ಕೆ ಬನ್ನಿ. ಜನವರಿ 25ರಂದು ಪ್ಯಾಲೆಸ್ಟೀನ್ ಶಾಸನಸಭೆಗೆ ಚುನಾವಣೆ ನಡೆಯಿತು. ವೀಕ್ಷಕರಾಗಿ ಜಿಮ್ಮಿ ಕಾರ್ಟರ್ ಇದ್ದರು. 132ರಲ್ಲಿ 74 ಸ್ಥಾನ ಹಮಾಸ್‌ಗೆ ಬಂತು. ಐದೇ ದಿನದಲ್ಲಿ ಅಮೆರಿಕ, ಯುರೋಪಿಯನ್ ಒಕ್ಕೂಟ, ವಿಶ್ವಸಂಸ್ಥೆ, ರಷ್ಯಾ ಸೇರಿದ ಕ್ವಾರ್ಟೆಟ್ ಮೂರು ಷರತ್ತು ಹಾಕಿತು. ಹಿಂಸೆ ಬಿಡಿ, ಇಸ್ರೇಲ್ ಅನ್ನು ಒಪ್ಪಿ, ಹಳೆಯ ಒಪ್ಪಂದಗಳಿಗೆ ಬದ್ಧರಾಗಿ. ಇಲ್ಲದಿದ್ದರೆ ಸರ್ಕಾರಕ್ಕೆ ಹಣವೂ ಇಲ್ಲ, ಮಾತೂ ಇಲ್ಲ.

ಇಪ್ಪತ್ತು ವರ್ಷ ಬಾಗಿಲು ಹಾಕಿಕೊಂಡು ಏನು ಸಿಕ್ಕಿತು? ಮತ್ತೆ ಇದರ ಬಗ್ಗೆ ನಮ್ಮ ಪತ್ರಿಕೆ, ಟಿವಿಗಳಲ್ಲಿ ಇಷ್ಟು ಕಡಿಮೆ ಬರುವುದು ಯಾಕೆ? ರಾಕೆಟ್ ಹಾರಿದರೆ ಬರುತ್ತದೆ, ಮಾತುಕತೆ ನಡೆದರೆ ಬರುವುದಿಲ್ಲ.

ಹುಬ್ಬಳ್ಳಿ ಕಟ್ಟೆ
ಚುನಾವಣೆ ಆಗಲೇಬೇಕು ಅಂತ ಒತ್ತಾಯಿಸಿದ್ದೇ ಬುಷ್ ಸರ್ಕಾರ. ಫಲಿತಾಂಶ ಬಂದ ಮೇಲೆ ಇದು ಬೇಡ ಅಂದರೆ ಹೇಗೆ?

ಲೆಕ್ಕದ ಮೇಷ್ಟ್ರು
ಆ ಚುನಾವಣೆಯ ಲೆಕ್ಕವನ್ನು ಸರಿಯಾಗಿ ನೋಡಬೇಕು. 74 ಸ್ಥಾನ ಅಂದ ಕೂಡಲೇ ಇಡೀ ಜನತೆ ಹಮಾಸ್ ಹಿಂದೆ ನಿಂತಿತು ಅಂದುಕೊಳ್ಳುತ್ತಾರೆ. ಹಮಾಸ್‌ಗೆ ಬಂದ ಮತ ಸುಮಾರು 44 ಶೇಕಡ, ಅದುವರೆಗೆ ಅಧಿಕಾರದಲ್ಲಿದ್ದ ಫತಾಹ್ ಪಕ್ಷಕ್ಕೆ 41. ಅರ್ಧ ಸ್ಥಾನ, ಅಂದರೆ 66, ಪಕ್ಷದ ಪಟ್ಟಿಗೆ ಬಿದ್ದ ಮತದ ಪ್ರಮಾಣದಲ್ಲಿ ಹಂಚಿಕೆ. ಅಲ್ಲಿ ಹಮಾಸ್‌ಗೆ 29, ಫತಾಹ್‌ಗೆ 28. ಇನ್ನರ್ಧ ಜಿಲ್ಲಾವಾರು. ಅಲ್ಲಿ ಹಮಾಸ್ 45, ಫತಾಹ್ 17.

ಯಾಕೆ ಹೀಗಾಯಿತು? ಫತಾಹ್‌ನಲ್ಲಿ ಟಿಕೆಟ್ ಸಿಗದವರೆಲ್ಲ ಪಕ್ಷೇತರರಾಗಿ ನಿಂತು ಮತ ಒಡೆದರು. ನಮ್ಮ ವಿಧಾನಸಭೆ ಚುನಾವಣೆಗಳಲ್ಲಿ ಬಂಡಾಯ ಅಭ್ಯರ್ಥಿಗಳು ಮಾಡುವ ಹಾಗೇ. ಹಮಾಸ್ 'ಬದಲಾವಣೆ ಮತ್ತು ಸುಧಾರಣೆ' ಅನ್ನುವ ಹೆಸರಲ್ಲಿ ನಿಂತಿತ್ತು. ಜನ ಫತಾಹ್‌ನ ಭ್ರಷ್ಟಾಚಾರಕ್ಕೆ ಬೇಸತ್ತಿದ್ದರು. ಆದರೆ ಪ್ರಪಂಚದ ಪತ್ರಿಕೆಗಳಲ್ಲಿ ಮರುದಿನ ಬಂದಿದ್ದು 'ಹಮಾಸ್ ಭರ್ಜರಿ ಜಯ' ಅನ್ನುವ ಸುದ್ದಿ ಮಾತ್ರ.

ಕಲಬುರಗಿ ನೇರಮಾತು
ಓದುಗರೇ, ನಿಮ್ಮ ಪ್ರಶ್ನೆಯಲ್ಲೇ ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ. 1994ರಿಂದ 96ರವರೆಗೆ ಬಸ್ಸುಗಳಲ್ಲಿ ಆತ್ಮಾಹುತಿ ದಾಳಿ ಮಾಡಿದ್ದು ಯಾರು? ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ನಡುವಿನ ಓಸ್ಲೋ ಶಾಂತಿ ಒಪ್ಪಂದವನ್ನು ಮುರಿಯಲೆಂದೇ ಮಾಡಿದ್ದು. 2002ರಲ್ಲಿ ನೆತನ್ಯಾದ ಹೋಟೆಲಿನಲ್ಲಿ ಪಾಸೋವರ್ ಹಬ್ಬದ ಊಟಕ್ಕೆ ಕೂತವರಲ್ಲಿ 30 ಜನ ಸತ್ತರು. 1988ರ ಅವರ ಸನ್ನದು ಓದಿ, ಯಹೂದಿಗಳ ಬಗ್ಗೆ ಏನೆಲ್ಲ ಬರೆದಿದೆ ನೋಡಿ. ಇಂಥವರಿಗೆ 'ಹಿಂಸೆ ಬಿಡಿ, ಆಮೇಲೆ ಕೂರೋಣ' ಅಂದರೆ ಅದು ಜಾಸ್ತಿ ಆಯಿತಾ? ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಪಿಎಲ್‌ಒ ಅದೇ ಷರತ್ತು ಒಪ್ಪಿತಲ್ಲ.

ಶಿರಸಿ ಓದುಗ
@ಕಲಬುರಗಿ ನೇರಮಾತು, ಆ ಕೊಲೆಗಳನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಪಿಎಲ್‌ಒ ಉದಾಹರಣೆ ನಿಮ್ಮ ಮಾತಿಗೆ ಪೂರ್ತಿ ಸಹಾಯ ಮಾಡುವುದಿಲ್ಲ. 1975ರಲ್ಲಿ ಅಮೆರಿಕದ ವಿದೇಶಾಂಗ ಸಚಿವ ಕಿಸಿಂಜರ್ ಇಸ್ರೇಲ್‌ಗೆ ಮಾತು ಕೊಟ್ಟರು: ಪಿಎಲ್‌ಒ ಇಸ್ರೇಲ್ ಅನ್ನು ಒಪ್ಪುವವರೆಗೆ ಮಾತುಕತೆ ಇಲ್ಲ ಅಂತ. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಆಂಡ್ರ್ಯೂ ಯಂಗ್ ಪಿಎಲ್‌ಒ ಪ್ರತಿನಿಧಿಯನ್ನು ಭೇಟಿ ಮಾಡಿದ್ದಕ್ಕೇ 1979ರಲ್ಲಿ ಕೆಲಸ ಬಿಡಬೇಕಾಯಿತು. ಅಧಿಕೃತ ಮಾತು ಶುರುವಾಗಿದ್ದು 1988ರ ಡಿಸೆಂಬರ್‌ನಲ್ಲಿ. ಹದಿಮೂರು ವರ್ಷ ಹೋಯಿತು. ಆ ಹದಿಮೂರು ವರ್ಷದ ಕೊನೆಯಲ್ಲಿ, 1987ರ ಡಿಸೆಂಬರ್‌ನಲ್ಲಿ, ಪ್ಯಾಲೆಸ್ಟೀನ್ ಜನರ ಮೊದಲ ದಂಗೆ 'ಇಂತಿಫಾದಾ' ಹೊತ್ತಿಗೆ ಹುಟ್ಟಿದ್ದೇ ಹಮಾಸ್.

ಕಲಬುರಗಿ ನೇರಮಾತು
ಒಂದರ ಹಿಂದೆ ಇನ್ನೊಂದು ಬಂತು ಅಂದ ಮಾತ್ರಕ್ಕೆ ಅದೇ ಕಾರಣ ಅಂತ ಅಲ್ಲ.

ಶಿರಸಿ ಓದುಗ
ನಿಜ. ಅದೊಂದೇ ಕಾರಣ ಅಂತ ನಾನೂ ಹೇಳಲಿಲ್ಲ.

ಉಡುಪಿ ತಂಗಿ
ನನ್ನ ಅಕ್ಕ ಇಸ್ರೇಲ್‌ನಲ್ಲಿ ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ನಮ್ಮ ಕರಾವಳಿಯಿಂದ ಈ ಕೆಲಸಕ್ಕೆ ಹೋದವರು ತುಂಬಾ ಜನ ಇದ್ದಾರೆ. 2023ರ ಅಕ್ಟೋಬರ್ 7ರಂದು ಅವಳ ಫೋನ್ ಸಿಗದೆ ಅಮ್ಮ ಊಟ ಬಿಟ್ಟು ಕೂತಿದ್ದರು. ಆ ದಿನ ಸುಮಾರು 1200 ಜನ ಸತ್ತರು, 251 ಜನರನ್ನು ಎಳೆದುಕೊಂಡು ಹೋದರು. ಅದರಲ್ಲಿ ಥಾಯ್ಲೆಂಡ್‌ನ ಕೃಷಿ ಕೂಲಿಗಳೂ ಇದ್ದರು, ನಮ್ಮಂತೆ ಹೊಟ್ಟೆಪಾಡಿಗೆ ಹೋದವರು. ಭಾರತೀಯರನ್ನು ಕರೆತರಲು 'ಆಪರೇಷನ್ ಅಜಯ್' ವಿಮಾನ ಬಂದಾಗ ಬಾ ಅಂದೆವು. ಅಜ್ಜಿಯನ್ನು ಬಂಕರ್‌ಗೆ ಇಳಿಸುವವರು ಯಾರೂ ಇಲ್ಲ, ಬರಲ್ಲ ಅಂದಳು.

2006ರಲ್ಲಿ ಮಾತಾಡಿದ್ದರೆ ಇದು ಆಗುತ್ತಿರಲಿಲ್ಲ ಅಂತ ಯಾರಾದರೂ ಖಂಡಿತವಾಗಿ ಹೇಳಲು ಸಾಧ್ಯವಾ? ಅಷ್ಟು ಸುಲಭವಾಗಿ ಹೇಳಿದರೆ ನನಗೆ ಕೋಪ ಬರುತ್ತದೆ.

ಹಾಸನದ ಹಳಬ
ತಂಗಿ, ನಿಮ್ಮ ಅಕ್ಕ ಕ್ಷೇಮವಾಗಿದ್ದಾರಲ್ಲ?

ಉಡುಪಿ ತಂಗಿ
ಹೌದು ಸರ್, ಚೆನ್ನಾಗಿದ್ದಾಳೆ. ಹೈಫಾದಲ್ಲಿ ಇದ್ದಾಳೆ.

ಜೆ.ಸಿ. ನಗರ ಸೈಕಲ್
ಹೈಫಾ ಅಂದ ಕೂಡಲೇ ನೆನಪಾಯಿತು, ವಿಷಯ ಬಿಟ್ಟು ಒಂದು ಮಾತು. 1918ರ ಸೆಪ್ಟೆಂಬರ್ 23ರಂದು ತುರ್ಕಿ ಸೈನ್ಯದ ಕೈಯಿಂದ ಹೈಫಾವನ್ನು ಬಿಡಿಸಿದ್ದು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯಿಂದ ಏರಿದರು. ಅವರ ಸ್ಮಾರಕ ನಮ್ಮ ಜೆ.ಸಿ. ನಗರದಲ್ಲೇ ಇದೆ, ದಿನಾ ಸಾವಿರಾರು ಜನ ಅದರ ಪಕ್ಕದಲ್ಲೇ ಹೋಗುತ್ತಾರೆ, ನೋಡುವವರಿಲ್ಲ.

ಹಾಸನದ ಹಳಬ
ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳಲ್ಲೂ ಒಂದು ಮೈಸೂರಿನದೇ. ಉಳಿದವು ಜೋಧಪುರ, ಹೈದರಾಬಾದ್. ಆಗ ಆ ನೆಲ ಯಾರದ್ದು ಅನ್ನುವ ತೀರ್ಮಾನ ಲಂಡನ್, ಪ್ಯಾರಿಸ್‌ಗಳಲ್ಲಿ ಆಗುತ್ತಿತ್ತು. ನಮ್ಮವರು ಯಾರಿಗಾಗಿಯೋ ಸತ್ತರು.

ಲೆಕ್ಕದ ಮೇಷ್ಟ್ರು
ಒಳ್ಳೆಯ ಮಾಹಿತಿ, ಇದಕ್ಕೆ ಬೇರೆ ಎಳೆ ಶುರು ಮಾಡಿ. ಈಗ 2006ಕ್ಕೆ ವಾಪಸ್ ಬರೋಣ.

ಮಾಸ್ಕೋ ರಿಟರ್ನ್ಡ್
ಯಾರೂ ಮಾತಾಡಲಿಲ್ಲ ಅನ್ನುವುದು ತಪ್ಪು. 2006ರ ಫೆಬ್ರವರಿಯಲ್ಲೇ ಟರ್ಕಿ ಹಮಾಸ್ ನಾಯಕ ಖಾಲಿದ್ ಮಶಾಲ್ ಅವರನ್ನು ಕರೆಸಿಕೊಂಡಿತು. ಮಾರ್ಚ್ ಮೊದಲ ವಾರ ಅವರು ಮಾಸ್ಕೋದಲ್ಲಿ ವಿದೇಶಾಂಗ ಸಚಿವ ಲಾವ್ರೊವ್ ಎದುರು ಕೂತಿದ್ದರು. ಕ್ವಾರ್ಟೆಟ್‌ನ ಷರತ್ತಿಗೆ ಸಹಿ ಹಾಕಿದ ರಷ್ಯಾವೇ ಷರತ್ತು ಪೂರೈಸುವ ಮೊದಲು ಬಾಗಿಲು ತೆರೆದಿತ್ತು. 2007ರಲ್ಲಿ ಮೆಕ್ಕಾ ಒಪ್ಪಂದ ಆಗಿ ಹಮಾಸ್, ಫತಾಹ್ ಸೇರಿ ಸರ್ಕಾರ ಮಾಡಿದಾಗ ನಾರ್ವೆ ಅದನ್ನು ಒಪ್ಪಿಕೊಂಡಿತು, ತನ್ನ ಉಪ ವಿದೇಶಾಂಗ ಸಚಿವರನ್ನೇ ಗಾಜಾಕ್ಕೆ ಕಳಿಸಿತು. ಅಮೆರಿಕ, ಯುರೋಪಿಯನ್ ಒಕ್ಕೂಟ ಆ ಸರ್ಕಾರಕ್ಕೂ ನಿರ್ಬಂಧ ಬಿಡಲಿಲ್ಲ. ಮೂರೇ ತಿಂಗಳಲ್ಲಿ, ಜೂನ್‌ನಲ್ಲಿ, ಎರಡೂ ಬಣ ಹೊಡೆದಾಡಿ ಗಾಜಾ ಹಮಾಸ್ ಕೈಗೆ ಹೋಯಿತು.

ಆ ಹೊತ್ತಿಗೆ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದವರು ಪೆರುವಿನ ಅಲ್ವಾರೊ ಡಿ ಸೊಟೊ. ಕೆಲಸ ಬಿಡುವಾಗ ಒಂದು ಗುಪ್ತ ವರದಿ ಬರೆದರು, ಅದು ಸೋರಿಕೆಯಾಗಿ ಬ್ರಿಟನ್ನಿನ ಪತ್ರಿಕೆಯಲ್ಲಿ ಬಂತು. ಕ್ವಾರ್ಟೆಟ್ ಅಮೆರಿಕದ ಮಾತಿಗೆ ತಲೆಯಾಡಿಸುತ್ತಾ ವಿಶ್ವಸಂಸ್ಥೆಯ ನಿಷ್ಪಕ್ಷಪಾತ ಹಾಳಾಯಿತು ಅನ್ನುವುದು ಅದರ ತಿರುಳು. ಹಮಾಸ್‌ನ ಹಿಂಸೆಯನ್ನೂ ಅವರು ಬಿಡದೆ ಟೀಕಿಸಿದ್ದರು. ಒಳಗೇ ಇದ್ದ ಮನುಷ್ಯ ಹೇಳಿದ ಮಾತು ಇದು. ಸಿಕ್ಕರೆ ಓದಿ.

ಕಲಬುರಗಿ ನೇರಮಾತು
ಸರಿ, ರಷ್ಯಾ ಮಾತಾಡಿತು. ಏನಾಯಿತು? ಹಮಾಸ್ ಬದಲಾಯಿತಾ? ಇಲ್ಲ. ಹಾಗಾದರೆ ಮಾತಾಡಿದ್ದರೆ ಬದಲಾಗುತ್ತಿತ್ತು ಅನ್ನುವ ವಾದವೇ ಬಿದ್ದುಹೋಯಿತು.

ಮಾಸ್ಕೋ ರಿಟರ್ನ್ಡ್
ಇಸ್ರೇಲ್ ಮೇಲೆ ಪ್ರಭಾವ ಇಲ್ಲದ ದೇಶ ಮಾತಾಡಿದರೆ ಹಮಾಸ್‌ಗೆ ಫೋಟೋ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ಬದಲಾಗಲು ಕಾರಣವೂ ಇರುವುದಿಲ್ಲ. ಕಾರ್ಟರ್ 2008ರಲ್ಲಿ ಡಮಾಸ್ಕಸ್‌ಗೆ ಹೋಗಿ ಮಶಾಲ್ ಅವರನ್ನು ಭೇಟಿ ಮಾಡಿದರು. ಆದರೆ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ.

ದೋಹಾ ಕನ್ನಡತಿ
ನಾನು ಕತಾರ್‌ನಲ್ಲಿ ಇದ್ದೇನೆ. ಇಲ್ಲಿ ಹಮಾಸ್ ಕಚೇರಿ ಇರುವುದು ಯಾಕೆ ಅಂತ ಊರಿನಿಂದ ಎಲ್ಲರೂ ಕೇಳುತ್ತಾರೆ. ಕತಾರ್ ಸರ್ಕಾರ ಹೇಳುವುದು ಇಷ್ಟು: 2012ರಲ್ಲಿ ಅಮೆರಿಕವೇ ಮಾತಿಗೆ ಒಂದು ದಾರಿ ಇರಲಿ ಅಂತ ಕೇಳಿತು, ಅದಕ್ಕೆ ಜಾಗ ಕೊಟ್ಟೆವು. ಅದೇ ವರ್ಷ ಹಮಾಸ್ ನಾಯಕರು ಸಿರಿಯಾ ಬಿಟ್ಟಿದ್ದರು. ಅಮೆರಿಕದ ಅಲ್-ಉದೈದ್ ವಾಯುನೆಲೆ ಇರುವುದೂ ಇಲ್ಲೇ. ಎರಡೂ ಒಂದೇ ಪುಟ್ಟ ದೇಶದಲ್ಲಿ.

2025ರ ಸೆಪ್ಟೆಂಬರ್ 9ರ ಮಧ್ಯಾಹ್ನ ಆಫೀಸಿನಲ್ಲಿದ್ದೆವು. ದೊಡ್ಡ ಸದ್ದು ಕೇಳಿತು. ಜೂನ್‌ನಲ್ಲಿ ಇರಾನ್ ಕ್ಷಿಪಣಿ ಬಂದಿದ್ದವಲ್ಲ, ಮತ್ತೆ ಅದೇ ಅಂದುಕೊಂಡೆವು. ಇಸ್ರೇಲ್ ಅಂತ ಗೊತ್ತಾದಾಗ ಇಲ್ಲಿಯವರು ನಂಬಲೇ ಇಲ್ಲ. ಶಾಲೆ, ಮನೆಗಳಿರುವ ಬಡಾವಣೆ ಅದು. ಕತಾರ್‌ನ ಒಬ್ಬ ಭದ್ರತಾ ಸಿಬ್ಬಂದಿಯೂ ಸತ್ತರು. ಅಮೆರಿಕದ ಕದನವಿರಾಮದ ಪ್ರಸ್ತಾವ ಚರ್ಚಿಸಲು ಸೇರಿದ್ದವರ ಮೇಲೇ ಬಾಂಬ್! ತಿಂಗಳ ಕೊನೆಗೆ ನೆತನ್ಯಾಹು ಶ್ವೇತಭವನದಿಂದಲೇ ಕತಾರ್ ಪ್ರಧಾನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು.

ನನ್ನ ಅಪ್ಪ ಕರೆ ಮಾಡಿ, ಟಿವಿಯಲ್ಲಿ ದೋಹಾ ಹೊತ್ತಿ ಉರಿಯುತ್ತಿದೆ ಅಂದರು. ಒಂದು ಕಟ್ಟಡದ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ಇಡೀ ನಗರ ಅನ್ನುವಂತೆ ತೋರಿಸುತ್ತಿದ್ದರಂತೆ. ಹೊರಗಿರುವವರ ಮನೆಯವರು ಇದನ್ನು ನೋಡುತ್ತಾರೆ ಅನ್ನುವ ಯೋಚನೆ ಬೇಡವಾ?

ಹುಬ್ಬಳ್ಳಿ ಕಟ್ಟೆ
ಕತಾರ್ ಬರೀ ಜಾಗ ಕೊಟ್ಟಿದ್ದಲ್ಲ ಅಕ್ಕಾ, ದುಡ್ಡೂ ಕೊಟ್ಟಿದೆ.

ಮಾಸ್ಕೋ ರಿಟರ್ನ್ಡ್
ಕೊಟ್ಟಿದೆ. 2018ರ ನವೆಂಬರ್‌ನಿಂದ ತಿಂಗಳಿಗೆ 15 ಮಿಲಿಯನ್ ಡಾಲರ್ ಲೆಕ್ಕದಲ್ಲಿ, ಸೂಟ್‌ಕೇಸಿನಲ್ಲಿ ನಗದು. ಗಾಜಾದ ನೌಕರರ ಸಂಬಳಕ್ಕೆ ಅಂತ. ಅದು ಹೋಗಿದ್ದು ಇಸ್ರೇಲ್ ದಾರಿಯಲ್ಲಿ, ನೆತನ್ಯಾಹು ಸರ್ಕಾರದ ಒಪ್ಪಿಗೆ ಪಡೆದು. ಈ ಅರ್ಧವನ್ನೂ ಸೇರಿಸಿ ಹೇಳಬೇಕು.

ಉಡುಪಿ ತಂಗಿ
ಇದು ನನಗೆ ಗೊತ್ತೇ ಇರಲಿಲ್ಲ.

ಸುದ್ದಿಮನೆ
ನಾನು ಡೆಸ್ಕಿನಲ್ಲಿ ಕೆಲಸ ಮಾಡುವವನು, ಮಾಧ್ಯಮದ ಪ್ರಶ್ನೆಗೆ ಉತ್ತರಿಸುತ್ತೇನೆ. ಕನ್ನಡದ ಯಾವ ಪತ್ರಿಕೆಗೂ ಅಲ್ಲಿ ಕಾಯಂ ವರದಿಗಾರರನ್ನು ಇಡುವಷ್ಟು ಶಕ್ತಿ ಇಲ್ಲ. ಬರುವುದೆಲ್ಲ ಪಿಟಿಐ, ಎಎಫ್‌ಪಿ, ರಾಯಿಟರ್ಸ್, ಎಪಿ ಕಳಿಸಿದ್ದು. ರಾತ್ರಿ ಹತ್ತಕ್ಕೆ ಪುಟ ಮುಗಿಯಬೇಕು. ಸತ್ತವರ ಸಂಖ್ಯೆ ಶೀರ್ಷಿಕೆಯಾಗುತ್ತದೆ, ಮಾತುಕತೆಯ ಮೂರು ಪ್ಯಾರಾ ಕತ್ತರಿಸಿ ಹೋಗುತ್ತದೆ.

ಆದರೆ ಮೂಲದಲ್ಲೇ ಇರುವ ಕಷ್ಟ ಬೇರೆ. 2023ರ ಅಕ್ಟೋಬರ್‌ನಿಂದ ಇಸ್ರೇಲ್ ವಿದೇಶಿ ಪತ್ರಕರ್ತರನ್ನು ಸ್ವತಂತ್ರವಾಗಿ ಗಾಜಾ ಒಳಗೆ ಬಿಟ್ಟಿಲ್ಲ. ಸೈನ್ಯದ ಜೊತೆ, ಸೈನ್ಯ ತೋರಿಸಿದ್ದನ್ನು ನೋಡಿ ಬರಬೇಕು. ವಿದೇಶಿ ಪತ್ರಕರ್ತರ ಸಂಘ ಇಸ್ರೇಲ್‌ನ ಸುಪ್ರೀಂ ಕೋರ್ಟಿಗೆ ಹೋಯಿತು, ದಿನಾಂಕ ಮುಂದೂಡುತ್ತಲೇ ಹೋದರು. ಸುದ್ದಿ ಕೊಡುತ್ತಿದ್ದವರು ಗಾಜಾದವರೇ. ಅವರೂ ಒಬ್ಬೊಬ್ಬರಾಗಿ ಸತ್ತರು. 2025ರ ಆಗಸ್ಟ್ 10ರಂದು ಅಲ್ ಜಜೀರಾದ ಅನಸ್ ಅಲ್-ಶರೀಫ್. ಆತ ಹಮಾಸ್ ಘಟಕದ ಮುಖ್ಯಸ್ಥ ಅಂತ ಇಸ್ರೇಲ್ ಹೇಳಿತು, ಅಲ್ ಜಜೀರಾ ಅಲ್ಲಗಳೆಯಿತು. ಆಗಸ್ಟ್ 25ರಂದು ನಾಸರ್ ಆಸ್ಪತ್ರೆ ಮೇಲಿನ ದಾಳಿಯಲ್ಲಿ ಐವರು ಪತ್ರಕರ್ತರು. ರಾಯಿಟರ್ಸ್, ಎಪಿಗೆ ಕೆಲಸ ಮಾಡುತ್ತಿದ್ದವರೂ ಅದರಲ್ಲಿದ್ದರು. ನಾವು ರಾತ್ರಿ ಅನುವಾದ ಮಾಡುತ್ತಿದ್ದ ಸುದ್ದಿ ಅಂಥವರು ಕಳಿಸಿದ್ದು.

ಕಲಬುರಗಿ ನೇರಮಾತು
ಹಮಾಸ್ ಪತ್ರಕರ್ತರನ್ನು ಸುಮ್ನೆ ಬಿಟ್ಟಿತ್ತಾ? 2014ರಲ್ಲಿ ಇದೇ ವಿದೇಶಿ ಪತ್ರಕರ್ತರ ಸಂಘ ಹಮಾಸ್ ಬೆದರಿಕೆ ಹಾಕುತ್ತಿದೆ ಅಂತ ಬಹಿರಂಗವಾಗಿ ಖಂಡಿಸಿತ್ತು.

ಸುದ್ದಿಮನೆ
ಹೌದು, ಅದೂ ನಿಜ. ಆ ವರ್ಷದ ಒಳ್ಳೆಯ ಉದಾಹರಣೆ ನಮ್ಮ ದೇಶದ್ದೇ. ಎನ್‌ಡಿಟಿವಿಯ ಶ್ರೀನಿವಾಸನ್ ಜೈನ್ ತಂಡ ಗಾಜಾದಲ್ಲಿ ತಾವಿದ್ದ ಹೋಟೆಲಿನ ಪಕ್ಕದ ಖಾಲಿ ಜಾಗದಲ್ಲಿ, ಒಂದು ಟೆಂಟ್ ಕೆಳಗೆ, ರಾಕೆಟ್ ಜೋಡಿಸಿ ಹಾರಿಸಿದ್ದನ್ನು ಕ್ಯಾಮೆರಾದಲ್ಲಿ ಹಿಡಿಯಿತು. ಸುತ್ತ ಮನೆಗಳಿದ್ದವು. ಗಾಜಾದಿಂದ ಹೊರಬಂದ ಮೇಲೆ ಪ್ರಸಾರ ಮಾಡಿದರು. ಅದೇ ತಂಡ ಇಸ್ರೇಲ್ ದಾಳಿಯಲ್ಲಿ ಸತ್ತ ನಾಗರಿಕರ ಬಗ್ಗೆಯೂ ವರದಿ ಮಾಡಿತ್ತು. ಸ್ಥಳದಲ್ಲಿ ಇದ್ದರೆ ಎರಡನ್ನೂ ತೋರಿಸಬಹುದು. ನನ್ನ ವಾದ ಅಷ್ಟೇ.

ಹಾಸನದ ಹಳಬ
ಸ್ಥಳದಲ್ಲಿ ಯಾರೂ ಇಲ್ಲದೆ ಏನಾಗುತ್ತದೆ ಅಂತ 2023ರ ಅಕ್ಟೋಬರ್ 17ರಂದು ನೋಡಿದೆವು. ಗಾಜಾದ ಅಲ್-ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟ. ಇಸ್ರೇಲ್ ದಾಳಿ, 500 ಸಾವು ಅಂತ ಗಾಜಾ ಕಡೆಯವರು ಹೇಳಿದ್ದನ್ನು ನ್ಯೂಯಾರ್ಕ್ ಟೈಮ್ಸ್ ದೊಡ್ಡ ಶೀರ್ಷಿಕೆ ಮಾಡಿತು. ಅದು ಪ್ಯಾಲೆಸ್ಟೀನ್ ಬಣದ ರಾಕೆಟ್ ಅಂತ ಇಸ್ರೇಲ್ ಹೇಳಿತು. ಕೆಲವು ದಿನದ ನಂತರ ಪತ್ರಿಕೆ, ಹಮಾಸ್ ಹೇಳಿಕೆಯನ್ನು ಅಷ್ಟೊಂದು ನೆಚ್ಚಬಾರದಿತ್ತು ಅಂತ ಸಂಪಾದಕರ ಟಿಪ್ಪಣಿ ಹಾಕಿತು. ದಾರಿ ತಪ್ಪಿದ ರಾಕೆಟ್ ಇರುವ ಸಾಧ್ಯತೆಯೇ ಹೆಚ್ಚು ಅಂತ ಹ್ಯೂಮನ್ ರೈಟ್ಸ್ ವಾಚ್ ನವೆಂಬರ್‌ನಲ್ಲಿ ಹೇಳಿತು. ಅಷ್ಟರಲ್ಲಿ ಅಮ್ಮಾನ್‌ನಲ್ಲಿ ಬೈಡನ್ ಜೊತೆ ನಡೆಯಬೇಕಿದ್ದ ಅರಬ್ ನಾಯಕರ ಸಭೆಯೇ ರದ್ದಾಗಿತ್ತು.

ಇನ್ನೊಂದು ಕಡೆ, ಅಕ್ಟೋಬರ್ 7ರಂದು ಹಮಾಸ್ 40 ಶಿಶುಗಳ ತಲೆ ಕತ್ತರಿಸಿತು ಅನ್ನುವ ಕಥೆ. ಬೈಡನ್ ಅಂಥ ಚಿತ್ರಗಳನ್ನು ನೋಡಿದೆ ಅನ್ನುವಂತೆ ಮಾತಾಡಿದರು. ಅಧ್ಯಕ್ಷರು ಚಿತ್ರ ನೋಡಿಲ್ಲ ಅಂತ ಶ್ವೇತಭವನವೇ ಆಮೇಲೆ ಹೇಳಿತು. ಆದರೆ ಆ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ.

ರಾಯಚೂರು ಬಿಸಿಲು
ಹಾಗಾದರೆ ಗಾಜಾದ ಸಾವಿನ ಲೆಕ್ಕ ನಂಬಬಾರದಾ? ಎಲ್ಲ ಕಡೆ 'ಹಮಾಸ್ ಆಡಳಿತದ ಆರೋಗ್ಯ ಸಚಿವಾಲಯ' ಅಂತ ಬರೆಯುತ್ತಾರಲ್ಲ.

ಲೆಕ್ಕದ ಮೇಷ್ಟ್ರು
ಒಂದು ಸ್ಫೋಟದ ಮೊದಲ ಗಂಟೆಯ ಅಂಕಿ ಬೇರೆ, ಹೆಸರು ಮತ್ತು ಗುರುತಿನ ಸಂಖ್ಯೆ ಸಮೇತ ಮಾಡಿದ ಪಟ್ಟಿ ಬೇರೆ. 2014ರ ಯುದ್ಧದಲ್ಲಿ ಅದೇ ಸಚಿವಾಲಯ 2310 ಅಂದಿತು, ವಿಶ್ವಸಂಸ್ಥೆ ಆಮೇಲೆ ಪರಿಶೀಲಿಸಿ 2251 ಅಂದಿತು. ಇಸ್ರೇಲ್ ಹೇಳಿದ್ದು 2125. ಇದು ದೊಡ್ಡ ವ್ಯತ್ಯಾಸ ಅಲ್ಲ. ಆದರೆ ಸತ್ತವರಲ್ಲಿ ಹೋರಾಟಗಾರರು ಎಷ್ಟು, ನಾಗರಿಕರು ಎಷ್ಟು ಅಂತ ಆ ಸಚಿವಾಲಯ ಹೇಳುವುದಿಲ್ಲ. ಜಗಳ ಇರಬೇಕಾದದ್ದು ಅಲ್ಲಿ.

ರಾಯಚೂರು ಬಿಸಿಲು
ಧನ್ಯವಾದ ಸರ್. ಮತ್ತೆ ಭಾರತದ ನಿಲುವು ಏನು? ಒಬ್ಬರು ಇಸ್ರೇಲ್ ಪರ ಅಂತಾರೆ, ಇನ್ನೊಬ್ಬರು ಪ್ಯಾಲೆಸ್ಟೀನ್ ಪರ ಅಂತಾರೆ.

ಮಾಸ್ಕೋ ರಿಟರ್ನ್ಡ್
1988ರಲ್ಲೇ ಭಾರತ ಪ್ಯಾಲೆಸ್ಟೀನ್ ದೇಶವನ್ನು ಒಪ್ಪಿದೆ. 1996ರಲ್ಲಿ ಗಾಜಾದಲ್ಲೇ ಪ್ರತಿನಿಧಿ ಕಚೇರಿ ತೆರೆಯಿತು, 2003ರಲ್ಲಿ ಅದು ವೆಸ್ಟ್ ಬ್ಯಾಂಕಿನ ರಾಮಲ್ಲಾಗೆ ಹೋಯಿತು. 2023ರ ಅಕ್ಟೋಬರ್ 7ರ ದಾಳಿಯನ್ನು ಮೋದಿ ಅಂದೇ ಭಯೋತ್ಪಾದಕ ದಾಳಿ ಅಂತ ಖಂಡಿಸಿದರು. ಐದು ದಿನದ ನಂತರ ವಿದೇಶಾಂಗ ಇಲಾಖೆ ಎರಡು ದೇಶಗಳ ಪರಿಹಾರವೇ ನಮ್ಮ ನಿಲುವು ಅಂದಿತು. ಅಕ್ಟೋಬರ್ 27ರ ವಿಶ್ವಸಂಸ್ಥೆ ನಿರ್ಣಯದಲ್ಲಿ ಹಮಾಸ್ ಹೆಸರೇ ಇರಲಿಲ್ಲ, ಭಾರತ ತಟಸ್ಥವಾಗಿ ಉಳಿಯಿತು. ಡಿಸೆಂಬರ್ 12ರ ಕದನವಿರಾಮದ ನಿರ್ಣಯಕ್ಕೆ ಹೌದು ಅಂದಿತು. ಹಮಾಸನ್ನು ನಿಷೇಧಿಸಿ ಅಂತ ಇಸ್ರೇಲ್ ರಾಯಭಾರಿ ನೌರ್ ಗಿಲೊನ್ ಬಹಿರಂಗವಾಗಿ ಕೇಳಿದರೂ ದೆಹಲಿ ಆಗ ಪಟ್ಟಿಗೆ ಸೇರಿಸಲಿಲ್ಲ.

ಹುಬ್ಬಳ್ಳಿ ಕಟ್ಟೆ
ಕೇರಳದ ಮಲಪ್ಪುರಂ ಸಭೆಗೆ ಮಶಾಲ್ ವಿಡಿಯೋದಲ್ಲಿ ಭಾಷಣ ಮಾಡಿದ್ದನ್ನೂ ಹೇಳಿ! ಅದಕ್ಕೆಲ್ಲ ಬೆಂಬಲ ಕೊಡುವವರು ನಮ್ಮ ರಾಜ್ಯದಲ್ಲೂ...

ನಿರ್ವಾಹಕ
ಇಲ್ಲಿನ ಪಕ್ಷ ರಾಜಕೀಯ ಈ ಎಳೆಗೆ ಬೇಡ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ದೋಹಾ ಕನ್ನಡತಿ
ಮಾತಿನಿಂದ ಏನೂ ಸಿಗಲಿಲ್ಲ ಅನ್ನುವವರಿಗೆ ಒಂದು ಲೆಕ್ಕ. 2023ರ ನವೆಂಬರ್‌ನ ಒಂದು ವಾರದ ಕದನವಿರಾಮದಲ್ಲಿ 105 ಒತ್ತೆಯಾಳುಗಳು ಹೊರಬಂದರು. ಥಾಯ್ಲೆಂಡ್‌ನ ಕೂಲಿಗಳೂ ಅದರಲ್ಲಿದ್ದರು. 2025ರ ಅಕ್ಟೋಬರ್ 13ರಂದು ಜೀವಂತ ಉಳಿದಿದ್ದ ಕೊನೆಯ 20 ಜನ. ಯುದ್ಧದಿಂದ ಬಿಡಿಸಿದವರ ಸಂಖ್ಯೆ ಬೆರಳೆಣಿಕೆಯಷ್ಟು.

ಕಲಬುರಗಿ ನೇರಮಾತು
ಅದನ್ನು ಒಪ್ಪುತ್ತೇನೆ. ಆದರೆ ಬೆಲೆಯನ್ನೂ ಹೇಳಿ. ಹಮಾಸ್ ಹಿಡಿದಿಟ್ಟಿದ್ದ ಒಬ್ಬ ಇಸ್ರೇಲ್ ಸೈನಿಕ ಗಿಲಾದ್ ಶಾಲಿತ್‌ಗಾಗಿ 2011ರಲ್ಲಿ 1027 ಕೈದಿಗಳನ್ನು ಬಿಟ್ಟರು. ಅದರಲ್ಲಿ ಒಬ್ಬ, ಮುಂದೆ ಹಮಾಸ್ ನಾಯಕನಾದ ಯಾಹ್ಯಾ ಸಿನ್ವಾರ್. ಅಕ್ಟೋಬರ್ 7ರ ಯೋಜನೆ ಯಾರದ್ದು ಅಂತ ಎಲ್ಲರಿಗೂ ಗೊತ್ತು.

ಶಿರಸಿ ಓದುಗ
ಇದು ಬಲವಾದ ಮಾತು. ಆದರೆ ಅದು ಒತ್ತೆಯಾಳು ವ್ಯಾಪಾರದ ಕಥೆ. ನಾನು ಕೇಳಿದ್ದು ರಾಜಕೀಯ ಮಾತುಕತೆ. ಪಟ್ಟಿ ಮಾಡಿ ಬಾಗಿಲು ಹಾಕಿದ ಮೇಲೆ ಒತ್ತೆಯಾಳು ಹಿಡಿದಾಗ ಮಾತ್ರ ಫೋನ್ ಬರುತ್ತದೆ ಅಂತ ಹಮಾಸ್‌ಗೆ ನಾವೇ ಕಲಿಸಿಕೊಟ್ಟ ಹಾಗಾಗಲಿಲ್ಲವಾ? 2007ರಲ್ಲಿ ಬಿಬಿಸಿಯ ಆಲನ್ ಜಾನ್‌ಸ್ಟನ್ ಅಪಹರಣವಾದಾಗಲೂ ಹಾಗೇ. ಹಿಡಿದದ್ದು ಬೇರೆ ಗುಂಪು, ಬಿಡಿಸಿದ್ದು ಹಮಾಸ್. ಅಷ್ಟು ದಿನ ಮುಖ ಕೊಡದ ಬ್ರಿಟನ್ ಅಧಿಕಾರಿ ಆಗ ಹಮಾಸ್ ನಾಯಕ ಇಸ್ಮಾಯಿಲ್ ಹನಿಯೆ ಅವರನ್ನು ಭೇಟಿ ಮಾಡಿದರು.

ಉಡುಪಿ ತಂಗಿ
ಹಾಗಂತ ಕೊಂದವರಿಗೆ ಕುರ್ಚಿ ಕೊಟ್ಟರೆ, ಕೊಲ್ಲದೆ ಇದ್ದ ಪ್ಯಾಲೆಸ್ಟೀನ್ ಪಕ್ಷಗಳಿಗೆ ಏನು ಪಾಠ ಸಿಗುತ್ತದೆ? ಶಾಂತವಾಗಿದ್ದ ರಾಮಲ್ಲಾದವರಿಗೆ, ಅಂದರೆ ಅಲ್ಲಿ ಆಡಳಿತ ಮಾಡುವ ಫತಾಹ್ ಪಕ್ಷಕ್ಕೆ, ಏನು ಸಿಕ್ಕಿದೆ?

ಶಿರಸಿ ಓದುಗ
ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ರಾಮಲ್ಲಾದವರಿಗೂ ಏನೂ ಸಿಗಲಿಲ್ಲ ಅನ್ನುವುದೇ ಇನ್ನೊಂದು ದೊಡ್ಡ ತಪ್ಪು ಅನ್ನಿಸುತ್ತದೆ.

ಲೆಕ್ಕದ ಮೇಷ್ಟ್ರು
ಈಗಿನ ಸ್ಥಿತಿಗೆ ಬನ್ನಿ. ಟ್ರಂಪ್ ಅವರ 20 ಅಂಶದ ಯೋಜನೆಯಲ್ಲಿ ಹಮಾಸ್‌ಗೆ ಆಡಳಿತದಲ್ಲಿ ಪಾಲಿಲ್ಲ. ಶಸ್ತ್ರ ಒಪ್ಪಿಸಿ ಶಾಂತಿಯಿಂದ ಇರುತ್ತೇವೆ ಅನ್ನುವ ಸದಸ್ಯರಿಗೆ ಕ್ಷಮಾದಾನ, ದೇಶ ಬಿಡುವವರಿಗೆ ದಾರಿ. 2025ರ ನವೆಂಬರ್ 17ರಂದು ಭದ್ರತಾ ಮಂಡಳಿ 2803ನೇ ನಿರ್ಣಯದಲ್ಲಿ ಅದನ್ನು ಒಪ್ಪಿತು. 13 ಮತ ಪರವಾಗಿ, ರಷ್ಯಾ, ಚೀನಾ ತಟಸ್ಥ. ಹಮಾಸ್ ಆ ನಿರ್ಣಯವನ್ನು ತಿರಸ್ಕರಿಸಿತು.

ಕಲಬುರಗಿ ನೇರಮಾತು
ನೋಡಿ, ಸುತ್ತಿ ಬಳಸಿ ಅಲ್ಲಿಗೇ ಬಂತು. 2006ರ ಮೊದಲ ಷರತ್ತೂ ಇದೇ ಆಗಿತ್ತು: ಹಿಂಸೆ ಬಿಡಿ.

ಮಾಸ್ಕೋ ರಿಟರ್ನ್ಡ್
ವ್ಯತ್ಯಾಸ ಇದೆ. 2006ರಲ್ಲಿ ಅದು ಮಾತಿಗೆ ಮುಂಚಿನ ಷರತ್ತು. ಈಗ ಅದು ಮಾತಿನ ವಿಷಯ. ಉತ್ತರ ಐರ್ಲೆಂಡ್‌ನಲ್ಲಿ 1998ರಲ್ಲಿ ಶಾಂತಿ ಒಪ್ಪಂದ ಆಯಿತು, ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪು ಐಆರ್‌ಎ ಶಸ್ತ್ರ ಒಪ್ಪಿಸಿ ಮುಗಿದಿದ್ದು 2005ರ ಸೆಪ್ಟೆಂಬರ್‌ನಲ್ಲಿ. ಏಳು ವರ್ಷ ಬೇಕಾಯಿತು. ಕೆನಡಾದ ಜನರಲ್ ಜಾನ್ ಡಿ ಚಾಸ್ಟೆಲೈನ್ ಅಧ್ಯಕ್ಷರಾಗಿದ್ದ ಸ್ವತಂತ್ರ ಆಯೋಗ ಅದನ್ನು ನೋಡಿ ಖಚಿತಪಡಿಸಿತು. ಇಬ್ಬರು ಪಾದ್ರಿಗಳೂ ಸಾಕ್ಷಿಯಾಗಿದ್ದರು.

ಕಲಬುರಗಿ ನೇರಮಾತು
ಐಆರ್‌ಎಗೆ ಒಪ್ಪಂದದಲ್ಲಿ ರಾಜಕೀಯ ಜಾಗ ಇತ್ತು. ಅದರ ರಾಜಕೀಯ ಪಕ್ಷ ಶಿನ್ ಫೇನ್ ಸರ್ಕಾರದಲ್ಲೇ ಕೂತಿತು. ಇಲ್ಲಿ ಹಮಾಸ್‌ಗೆ ಅದು ಇಲ್ಲ. ಇರಲೂ ಬಾರದು ಅಂತ ನನ್ನ ಅಭಿಪ್ರಾಯ.

ಮಾಸ್ಕೋ ರಿಟರ್ನ್ಡ್
ಹಾಗಾದರೆ ಅವರು ಬಂದೂಕು ಯಾಕೆ ಕೊಡುತ್ತಾರೆ? ಯೋಜನೆಯಲ್ಲಿ 'ಸ್ವತಂತ್ರ ವೀಕ್ಷಕರು' ಅಂತ ಇದೆ. ಆ ವೀಕ್ಷಕರ ಎದುರು ಪೆಟ್ಟಿಗೆ ತಂದು ಇಡಲು ಅವರಿಗೆ ಏನಾದರೂ ಕಾರಣ ಬೇಕಲ್ಲ.

ಕಲಬುರಗಿ ನೇರಮಾತು
ಗಾಜಾದ ಜನ ಅನುಭವಿಸಿದ್ದು ಸಾಲದಾ ಕಾರಣಕ್ಕೆ?

ದೋಹಾ ಕನ್ನಡತಿ
ಆ ಜನರನ್ನು ಯಾರೂ ಕೇಳಿಲ್ಲ ಸರ್. 2006ರ ನಂತರ ಅಲ್ಲಿ ಶಾಸನಸಭೆಗೆ ಒಂದು ಚುನಾವಣೆಯೂ ನಡೆದಿಲ್ಲ. 2021ರಲ್ಲಿ ದಿನಾಂಕ ಗೊತ್ತು ಮಾಡಿ ಪ್ಯಾಲೆಸ್ಟೀನ್ ಅಧ್ಯಕ್ಷ ಅಬ್ಬಾಸ್ ಮುಂದೂಡಿದರು.